ಹಳೆಯ ದೋಣಿ, ಕಟ್ಟಿದ ಎಂಜಿನ್ನು: ಸಾಲ ಕೇಳುವ ಮುನ್ನ ಕೆಲವು ಮಾತು



ಕಳೆದ ಆಡಳಿತ ಮಂಡಳಿಯ ಸಭೆಯ ಮುಂದೆ ಒಂದು ಅಪರೂಪದ ಸಾಲದ ಅರ್ಜಿ ಬಂದಿತ್ತು. ಪಂಪ್‌ಸೆಟ್ಟಿಗೆ, ಟಿಲ್ಲರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ, ಔಷಧಿ ಹೊಡೆಯುವ ಪಂಪಿಗೆ ಸಾಲ ಕೇಳುವವರು ನಮಗೆ ಹೊಸಬರಲ್ಲ. ಆದರೆ ದೋಣಿಗೆ ಸಾಲ ಕೇಳಿದವರು ನಮ್ಮ ಸಂಘದ ದಫ್ತರದಲ್ಲಿ ಹುಡುಕಿದರೂ ಸಿಕ್ಕಲಿಲ್ಲ. ಹಾನಗಲ್ಲ ತಾಲೂಕಿನ ವರದಾ ದಂಡೆಯ ಐವರು ಸದಸ್ಯರು ಕೂಡಿ ಬರೆದ ಅರ್ಜಿ ಅದು. ಕರಾವಳಿಯಲ್ಲಿ ಒಬ್ಬರು ತಮ್ಮ ಹಳೆಯ ಫೈಬರ್ ದೋಣಿಯನ್ನು, ಹಿಂದೆ ಕಟ್ಟಿದ ಔಟ್‌ಬೋರ್ಡ್ ಎಂಜಿನ್ನಿನ ಸಮೇತ, ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿಗೆ ಮಾರುತ್ತಿದ್ದಾರೆ. ಸಂಘವು ಮುಕ್ಕಾಲು ಭಾಗ ಸಾಲ ಕೊಟ್ಟರೆ ಉಳಿದದ್ದನ್ನು ತಾವು ಹಾಕಿಕೊಳ್ಳುತ್ತೇವೆ ಎಂಬುದು ಅದರ ಸಾರಾಂಶ.

ಸಭೆಯಲ್ಲಿ ಕೆಲವರು ನಕ್ಕರು. ನಾವು ನಗಲಿಲ್ಲ. ಅರ್ಜಿ ಹಾಕಿದವರ ಕಷ್ಟ ನಗುವಂಥದಲ್ಲ.

ಅವರ ತೋಟಗಳಿರುವುದು ಹೊಳೆಯ ಆಚೆ ದಂಡೆಯಲ್ಲಿ, ಮನೆಗಳಿರುವುದು ಈಚೆ. ಬೇಸಿಗೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ನಡೆದೇ ದಾಟುವ ಜಾಗ. ಆಷಾಢ ಬಂತೆಂದರೆ ಬಾಂದಾರದ ಮೇಲೆ ನೀರು ಹರಿಯುತ್ತದೆ. ಸುತ್ತು ಹಾಕಿ ಹೋದರೆ ಅರ್ಧ ದಿವಸ ದಾರಿಯಲ್ಲೇ ಕಳೆಯುತ್ತದೆ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲು ಒಮ್ಮೆ ಹೊಡೆದರೆ ಸಾಲದು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕೆಂಬುದು ಎಲ್ಲ ಬೆಳೆಗಾರರಿಗೂ ಗೊತ್ತು. ಆ ಎರಡನೆಯ ಸಿಂಪರಣೆ ಬರುವುದೇ ಹೊಳೆ ತುಂಬಿದ ಹೊತ್ತಿಗೆ. ಹೊಡೆಯದಿದ್ದರೆ ಕಾಯಿ ಉದುರುತ್ತದೆ, ಹೊಡೆಯಲು ಹೋದರೆ ಹೊಳೆ ಬಿಡುವುದಿಲ್ಲ. 2019ರ ಆಗಸ್ಟಿನಲ್ಲಿ ವರದೆ, ಧರ್ಮಾ, ತುಂಗಭದ್ರೆಗಳು ಒಮ್ಮೆಲೇ ಉಕ್ಕಿ ಹಾನಗಲ್ಲ, ಸವಣೂರ ಭಾಗದ ದಂಡೆಯ ಊರುಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದ್ದರಿಂದ ದೋಣಿಯ ಆಲೋಚನೆ ಬಂದದ್ದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಯಾವ ದೋಣಿ, ಯಾರಿಂದ, ಯಾವ ಸ್ಥಿತಿಯಲ್ಲಿ ಎಂಬ ಪ್ರಶ್ನೆಗಳನ್ನು ಕೇಳದಿರುವುದರಲ್ಲಿ. “ಸೆಕ್ರೆಟರಿ ಸಾಹೇಬರ, ನೀವು ಸಾಲ ಕೊಡ್ರಿ, ಉಳಿದದ್ದು ನಾವು ನೋಡ್ಕೋತೇವಿ” ಎಂದು ಅವರಲ್ಲಿ ಹಿರಿಯರೊಬ್ಬರು ಹೇಳಿದಾಗ, ಮೊದಲು ನೋಡಿ ಬರೋಣ, ಆಮೇಲೆ ಸಾಲದ ಮಾತು ಎಂದು ನಾವೇ ಅವರ ಜೊತೆಗೆ ಹೊರಟೆವು.

ಹಳೆಯ ಸಾಮಾನು ಕೊಳ್ಳುವುದನ್ನು ನಾವು ಹೀಗಳೆಯುವವರಲ್ಲ. ಸಣ್ಣ ಹಿಡುವಳಿದಾರನು ಎಲ್ಲವನ್ನೂ ಹೊಸದಾಗಿ ಕೊಳ್ಳಲು ಹೊರಟರೆ ತೋಟ ಮಾರಬೇಕಾದೀತು. ನಾವೂ ಹಿಂದೊಮ್ಮೆ ಬೇರೆ ಎಂಜಿನ್ನು ಕೂರಿಸಿದ್ದ ಹಳೆಯ ಪವರ್ ಟಿಲ್ಲರೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದೆವು. ಮೂರನೆಯ ತಿಂಗಳಲ್ಲಿ ಗೇರುಪೆಟ್ಟಿಗೆ ಸೀಳಿತು. ಆ ಎಂಜಿನ್ನಿನ ಬಲಕ್ಕೆ ಆ ಪೆಟ್ಟಿಗೆ ಮಾಡಿದ್ದಲ್ಲವೆಂದು ಮೆಕ್ಯಾನಿಕ್ಕು ಆಮೇಲೆ ಹೇಳಿದ. ಅಗ್ಗವೆಂದು ಮುಗ್ಗಿದ ಜೋಳ ತಂದಂತಾಯಿತು. ಆದರೂ ಆ ದಿನ ನಮಗಾದ ನಷ್ಟವೆಂದರೆ ಹಣದ್ದು ಮಾತ್ರ. ಟಿಲ್ಲರು ನಿಂತಲ್ಲಿ ನಿಂತಿತು, ನಾವು ಇಳಿದು ಮನೆಗೆ ನಡೆದೆವು. ಹೊಳೆಯ ನಡುವೆ ನಿಂತ ದೋಣಿಯಿಂದ ಇಳಿದು ನಡೆಯಲು ಬರುವುದಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕಾದ ಮಾತಿನ ತಿರುಳು ಇಷ್ಟೇ.

ದೋಣಿಯನ್ನು ದಡದ ಮೇಲೆ ಎಳೆದು ಇಟ್ಟಿದ್ದರು. ಹೊಸ ನೀಲಿ ಬಣ್ಣ, ಬಿಸಿಲಿಗೆ ಹೊಳೆಯುತ್ತಿತ್ತು. ಮೂಲದಲ್ಲಿ ಅದು ಮೀನು ಹಿಡಿಯುವ ನಾಡದೋಣಿ, ಸುಮಾರು ಇಪ್ಪತ್ತೆರಡು ಅಡಿ ಉದ್ದ. ಹಿಂದಿನ ಮಾಲೀಕರು ಪ್ರವಾಸಿಗಳನ್ನು ಸುತ್ತಾಡಿಸಲೆಂದು ಅದಕ್ಕೆ ಬೆಂಚು ಹಾಕಿಸಿ, ಮೇಲೆ ಕಬ್ಬಿಣದ ಕೊಳವೆಯ ಚೌಕಟ್ಟು ನಿಲ್ಲಿಸಿ ತಗಡಿನ ಮಾಡು ಹೊದಿಸಿದ್ದರು. ಮೊದಲು 9.9 ಅಶ್ವಶಕ್ತಿಯ ಎಂಜಿನ್ನು ಇತ್ತಂತೆ; ಅದನ್ನು ತೆಗೆದು 25 ಅಶ್ವಶಕ್ತಿಯದನ್ನು ಕಟ್ಟಿದ್ದರು. ಮಾರುವವರು ಈ ಬದಲಾವಣೆಗಳನ್ನೆಲ್ಲ ಹೆಮ್ಮೆಯಿಂದಲೇ ತೋರಿಸಿದರು. ಅವರು ಮೋಸ ಮಾಡಲು ನಿಂತವರೆಂದು ನಾವು ಹೇಳುವುದಿಲ್ಲ. ತಾವು ಮಾಡಿಸಿದ್ದೆಲ್ಲ ಒಳ್ಳೆಯದಕ್ಕೇ ಎಂದು ನಂಬಿದವರು. ನಂಬಿ ಮಾರುವವರ ಮಾತು ಕೊಳ್ಳುವವರನ್ನು ಇನ್ನೂ ಬೇಗ ಒಪ್ಪಿಸಿಬಿಡುತ್ತದೆ. ಆದ್ದರಿಂದಲೇ ಕಣ್ಣು ತೆರೆದು ನೋಡಬೇಕು.

ನಮ್ಮ ಪುಣ್ಯಕ್ಕೆ ಅಲ್ಲೇ ಹತ್ತಿರದಲ್ಲಿ ದೋಣಿ ಕಟ್ಟುವ ವೃದ್ಧ ಬಡಿಗರೊಬ್ಬರು ಸಿಕ್ಕರು. ಅರ್ಧ ದಿನದ ಕೂಲಿ ಕೊಟ್ಟು ಅವರನ್ನು ಕರೆತಂದೆವು. ಅವರು ಬಣ್ಣದ ಕಡೆ ನೋಡಲೇ ಇಲ್ಲ. ನೆಟ್ಟಗೆ ಹಿಂಬದಿಗೆ ಹೋಗಿ, ಎಂಜಿನ್ನು ಕಚ್ಚಿ ಕೂರುವ ಹಲಗೆಯನ್ನು ಸಣ್ಣ ಮರದ ಕೊಡತಿಯಿಂದ ಅಂಗುಲ ಅಂಗುಲಕ್ಕೂ ತಟ್ಟಿದರು. ಫೈಬರಿನ ಒಳಗೆ ಅಲ್ಲಿ ಪ್ಲೈವುಡ್ಡು ಇರುತ್ತದೆ. ಒಳ್ಳೆಯದಿದ್ದರೆ ಟಣ್ ಎನ್ನುತ್ತದೆ. ನೀರು ಇಳಿದು ಕೊಳೆತಿದ್ದರೆ ಮಾಗಿದ ಕುಂಬಳಕಾಯಿ ತಟ್ಟಿದಂತೆ ಬೊದ್ ಎನ್ನುತ್ತದೆ. ಎಡಗಡೆಯ ಮೂಲೆಯಲ್ಲಿ ಬೊದ್ ಎಂದಿತು. ಆಮೇಲೆ ಎಂಜಿನ್ನನ್ನು ಮೇಲಕ್ಕೆತ್ತಿ, ಅದರ ಕಾಲನ್ನು ಹಿಡಿದು ಕೆಳಕ್ಕೂ ಮೇಲಕ್ಕೂ ಜಗ್ಗಿದರು. ಮೂಲೆಯ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟು ಮುಚ್ಚಿಕೊಂಡಿತು. “ಇದು ದೋಣಿ ಹೌದು ಸಾಹೇಬರೇ, ಈ ಎಂಜಿನ್ನಿನ ದೋಣಿ ಅಲ್ಲ” ಎಂದರು ಆ ಬಡಿಗರು. ನಮ್ಮ ಜೊತೆಗೆ ಬಂದ ಹಿರಿಯರ ಮುಖ ಸಪ್ಪಗಾಯಿತು.

ಅಲ್ಲಿಂದ ಮುಂದೆ ಆ ಬಡಿಗರೂ, ಎಂಜಿನ್ನು ಬಲ್ಲ ಇನ್ನೊಬ್ಬರೂ ನಮಗೆ ತೋರಿಸಿಕೊಟ್ಟ ಸಂಗತಿಗಳನ್ನು ಸದಸ್ಯರ ಉಪಯೋಗಕ್ಕಾಗಿ ಕ್ರಮವಾಗಿ ಹೇಳುತ್ತೇವೆ. ಸಂಘದ ಸಾಲವಿಲ್ಲದೆ ಸ್ವಂತ ಹಣದಲ್ಲಿ ಕೊಳ್ಳುವವರಿಗೂ ಇವು ಬೇಕಾದೀತು.

ಮೊದಲನೆಯದು, ಎಂಜಿನ್ನಿನ ಭಾರ ಮತ್ತು ಬಲ. ದೋಣಿ ಕಟ್ಟಿದವನು ಇಂತಿಷ್ಟು ಬಲದ, ಇಂತಿಷ್ಟು ತೂಕದ ಎಂಜಿನ್ನಿಗೆಂದು ಲೆಕ್ಕ ಹಾಕಿ ಹಿಂಬದಿ ಕಟ್ಟಿರುತ್ತಾನೆ. ದೊಡ್ಡದನ್ನು ಕಟ್ಟಿದರೆ ದೋಣಿ ಹಿಂದಕ್ಕೆ ಕುಸಿದು ಕೂರುತ್ತದೆ. ಓಡುತ್ತಿರುವಾಗ ಒಮ್ಮೆಲೇ ವೇಗ ಇಳಿಸಿದರೆ ಹಿಂದಿನಿಂದ ಬಂದ ಅಲೆ ಹಲಗೆಯ ಮೇಲಿಂದ ಒಳಗೆ ನುಗ್ಗುತ್ತದೆ. ಇನ್ನೊಂದು ಸಂಗತಿಯಿದೆ. ಸಮುದ್ರದ ಉಪ್ಪು ನೀರು ಹೊಳೆಯ ಸಿಹಿ ನೀರಿಗಿಂತ ಸುಮಾರು ಶೇಕಡಾ ಎರಡೂವರೆಯಷ್ಟು ಭಾರವಾದದ್ದು. ಆದ್ದರಿಂದ ಅಲ್ಲಿ ತೇಲುವ ದೋಣಿ ಅದೇ ಹೊರೆಗೆ ನಮ್ಮ ಹೊಳೆಯಲ್ಲಿ ಸ್ವಲ್ಪ ಹೆಚ್ಚು ಮುಳುಗುತ್ತದೆ. ವ್ಯತ್ಯಾಸ ಚಿಕ್ಕದು, ಆದರೆ ಅಂಚಿನವರೆಗೆ ತುಂಬುವ ಅಭ್ಯಾಸವಿರುವ ನಮಗೆ ಚಿಕ್ಕದೂ ದೊಡ್ಡದೇ.

ಎರಡನೆಯದು, ಎಂಜಿನ್ನಿನ ಕಾಲಿನ ಅಳತೆ. ಸಣ್ಣ ಔಟ್‌ಬೋರ್ಡುಗಳಲ್ಲಿ 15 ಅಂಗುಲದ ಗಿಡ್ಡ ಕಾಲು, 20 ಅಂಗುಲದ ಉದ್ದ ಕಾಲು ಎಂದು ಸಾಮಾನ್ಯವಾಗಿ ಎರಡು ಬಗೆ. ನೀರೊಳಗಿನ ಫ್ಯಾನಿನ ಮೇಲೆ ಅಡ್ಡಲಾಗಿ ಇರುವ ತಟ್ಟೆಯು ದೋಣಿಯ ತಳದ ಮಟ್ಟಕ್ಕೆ, ಇಲ್ಲವೆ ಅದಕ್ಕಿಂತ ಒಂದು ಅಂಗುಲದಷ್ಟು ಕೆಳಗೆ ಬರಬೇಕು. ಮೇಲಾದರೆ ಫ್ಯಾನು ನೀರಿನ ಬದಲು ಗಾಳಿಯನ್ನು ಎಳೆದು ಸುಮ್ಮನೆ ಕೂಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ, ತಂಪಿನ ನೀರೂ ಸಿಗದೆ ಎಂಜಿನ್ನು ಕಾಯುತ್ತದೆ. ನಾವು ನೋಡಿದ ದೋಣಿಗೆ ಉದ್ದ ಕಾಲಿನ ಎಂಜಿನ್ನು ಹೊಂದಲೆಂದು ಹಿಂಬದಿ ಹಲಗೆಯ ಮೇಲೆ ಇನ್ನೊಂದು ತುಂಡನ್ನು ಬೋಲ್ಟು ಹಾಕಿ ಏರಿಸಿದ್ದರು. ಆ ಬೋಲ್ಟುಗಳ ತೂತಿನಿಂದಲೇ ನೀರು ಒಳಗೆ ಇಳಿದು ಹಲಗೆ ಕೊಳೆತಿತ್ತು.

ಮೂರನೆಯದು, ಎಂಜಿನ್ನಿನ ಒಳಸ್ಥಿತಿ. ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ನಾವು ಹೋಗುವ ಮುನ್ನವೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಬೇಕು. ಓಡುವಾಗ ಪಕ್ಕದಿಂದ ಸಣ್ಣ ಎಳೆಯಾಗಿ ನೀರು ಚಿಮ್ಮುತ್ತಿರಬೇಕು. ಅದು ತಂಪಿನ ನೀರು ಹರಿಯುತ್ತಿದೆ ಎಂಬುದರ ಗುರುತು. ಉಪ್ಪು ನೀರಿನಲ್ಲಿ ಓಡಿ, ಸಿಹಿ ನೀರಿನಿಂದ ತೊಳೆಯದೆ ಬಿಟ್ಟ ಎಂಜಿನ್ನಿನ ಒಳದಾರಿಗಳು ಉಪ್ಪುಕಟ್ಟಿ ಮುಚ್ಚಿರುತ್ತವೆ. ನೀರೆಳೆಯುವ ರಬ್ಬರಿನ ಚಕ್ರ ಹಳತಾಗಿದ್ದರೂ ಅದೇ ಗತಿ. ಕೆಳಗಿನ ಗೇರುಪೆಟ್ಟಿಗೆಯ ತಿರುಪು ಸಡಿಲಿಸಿ ಎಣ್ಣೆ ನೋಡಬೇಕು. ಹಾಲು ಬೆರೆಸಿದ ಚಹದ ಬಣ್ಣವಿದ್ದರೆ ಒಳಗೆ ನೀರು ಹೊಕ್ಕಿದೆ. ಸಿಲಿಂಡರುಗಳ ಒತ್ತಡವನ್ನು ಗೇಜು ಹಾಕಿ ಅಳೆಯಿಸಬೇಕು. ಒಂದಕ್ಕೊಂದು ಶೇಕಡಾ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಳಗೆ ಕೆಲಸ ಬಾಕಿಯಿದೆ. ಎಂಜಿನ್ನಿನ ಮೇಲಿನ ನಂಬರಿನ ಪಟ್ಟಿ ಕಿತ್ತಿದ್ದರೆ ಅಥವಾ ಉಜ್ಜಿದ್ದರೆ ಬೆಲೆ ಕೇಳದೆಯೇ ಎದ್ದು ಬರುವುದು ಒಳ್ಳೆಯದು.

ಇಂಧನದ ಮಾತನ್ನೂ ಇಲ್ಲೇ ಹೇಳಬೇಕು. ಕರಾವಳಿಯ ನಾಡದೋಣಿಗಳ ಅನೇಕ ಎಂಜಿನ್ನುಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ರಿಯಾಯಿತಿ ದರದ ಸೀಮೆಎಣ್ಣೆ ಪರ್ಮಿಟ್ಟಿರುವ ಮೀನುಗಾರರಿಗೆ ಮೀಸಲು. ಹಾನಗಲ್ಲಿನ ಅಡಿಕೆ ಬೆಳೆಗಾರನಿಗೆ ಅದು ಸಿಕ್ಕುವುದಿಲ್ಲ. ಮಾರುವವರು ಹೇಳುವ ಖರ್ಚಿನ ಲೆಕ್ಕ ಅವರದು, ನಮ್ಮದಲ್ಲ.

ನಾಲ್ಕನೆಯದು, ಕಿತ್ತುಹಾಕಿದ ವಸ್ತುಗಳು. ಮಾರ್ಪಾಡು ಎಂದರೆ ಸೇರಿಸಿದ್ದನ್ನು ಮಾತ್ರ ನೋಡುತ್ತೇವೆ, ತೆಗೆದದ್ದನ್ನು ಕೇಳುವುದಿಲ್ಲ. ಈ ದೋಣಿಯ ನೆಲದ ಕೆಳಗೆ ಮುಳುಗದಂತೆ ತುಂಬಿದ್ದ ಫೋಮನ್ನು ಸಾಮಾನು ಇಡಲು ಜಾಗ ಬೇಕೆಂದು ಅರ್ಧ ತೆಗೆದಿದ್ದರು. ಉಳಿದರ್ಧ ನೀರು ಕುಡಿದು ಭಾರವಾಗಿತ್ತು. ನಡೆಸುವವನು ಆಯತಪ್ಪಿ ಬಿದ್ದರೆ ತಾನಾಗಿ ಎಂಜಿನ್ನು ಆರಿಸುವ ಮಣಿಕಟ್ಟಿನ ದಾರವೊಂದು ಇರುತ್ತದೆ. ಅದು ಪದೇ ಪದೇ ಕಳಚಿ ಕಾಟ ಕೊಡುತ್ತದೆಂದು ಅದರ ತಂತಿಯನ್ನು ನೇರವಾಗಿ ಜೋಡಿಸಿಬಿಟ್ಟಿದ್ದರು. ಅಂದರೆ ನಡೆಸುವವನು ನೀರಿಗೆ ಬಿದ್ದರೂ ದೋಣಿ ಓಡುತ್ತಲೇ ಇರುತ್ತದೆ, ಒಳಗಿದ್ದ ಆಳುಗಳ ಸಮೇತ. ಮೇಲಿನ ತಗಡಿನ ಮಾಡಂತೂ ದೋಣಿಯ ತೂಕವನ್ನು ಮೇಲಕ್ಕೇರಿಸಿ ಓಲಾಟ ಹೆಚ್ಚಿಸುವಂಥದು; ಮಗುಚಿದಾಗ ಒಳಗಿದ್ದವರನ್ನು ಹೊರಬರಗೊಡದ ಪಂಜರವೂ ಆಗುತ್ತದೆ.

ಇದು ಬರಿಯ ಹೆದರಿಕೆಯ ಮಾತಲ್ಲ. 2023ರ ಮೇ 7ರ ಸಂಜೆ ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 22 ಜನ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗಳಿಗೆಂದು ಬದಲಾಯಿಸಿ, ಮೇಲೊಂದು ಅಂತಸ್ತು ಕಟ್ಟಿದ್ದು. ಸಾಲದ್ದಕ್ಕೆ ಮಿತಿಮೀರಿ ಜನರನ್ನು ತುಂಬಿದ್ದರು. ಅಷ್ಟು ದೂರ ಹೋಗುವುದೂ ಬೇಡ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ನಮ್ಮ ಶಿಗ್ಗಾಂವಿ ತಾಲೂಕಿನ ಒಂದೇ ಕುಟುಂಬದ ಹಲವರಿದ್ದರು. ಹೊಳೆ ಸಮುದ್ರಗಳ ಪರಿಚಯವಿಲ್ಲದ ಬಯಲುಸೀಮೆಯ ಜನ, ಜಾತ್ರೆಗೆಂದು ಹೋದವರು, ದೋಣಿ ಹತ್ತುವಾಗ ಎಷ್ಟು ಜನಕ್ಕೆ ಈ ದೋಣಿ ಎಂದು ಕೇಳಬೇಕೆಂದು ಅವರಿಗೆ ಹೇಳಿಕೊಟ್ಟವರಾರು? ಆ ಸಾವಿನ ಸುದ್ದಿ ಬಂದ ದಿನ ನಮ್ಮ ಜಿಲ್ಲೆಯ ಊರೂರುಗಳಲ್ಲಿ ಕವಿದ ಮೌನ ನಮ್ಮ ನೆನಪಿನಿಂದ ಹೋಗಿಲ್ಲ. ನಮ್ಮ ತೋಟದ ಆಳುಗಳೂ ಅವರಂಥವರೇ. ಯಜಮಾನ ಹತ್ತೆಂದರೆ ಹತ್ತುತ್ತಾರೆ.

ಇನ್ನು ಕಾಗದಪತ್ರದ ವಿಷಯ. ನಾವು ಕೇಳಿದಾಗ ಮಾರುವವರು ಒಂದು ಕಡತವನ್ನು ತೋರಿಸಿದರು. ಅದರಲ್ಲಿದ್ದದ್ದು ಮೀನುಗಾರಿಕೆಯ ದೋಣಿ ಎಂಬ ಹಳೆಯ ನೋಂದಣಿ ಹಾಗೂ ಮೀನುಗಾರಿಕೆ ಪರವಾನಗಿ. ಅದು ಸಮುದ್ರದಲ್ಲಿ ಬಲೆ ಬೀಸುವುದಕ್ಕೆ ಕೊಟ್ಟ ಕಾಗದ. ವರದೆಯಲ್ಲಿ ಜನರನ್ನು ದಾಟಿಸುವುದಕ್ಕೆ ಅದು ಉಪಯೋಗಕ್ಕೆ ಬಾರದು. ಒಳನಾಡಿನ ನೀರಿನಲ್ಲಿ ಎಂಜಿನ್ನಿನಿಂದ ಓಡುವ ದೋಣಿಗಳಿಗೆ ಈಗ 2021ರ ಒಳನಾಡು ಹಡಗುಗಳ ಕಾಯಿದೆ ಅನ್ವಯಿಸುತ್ತದೆ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದದ್ದು ಅದು. ನೋಂದಣಿ, ತಜ್ಞರಿಂದ ತಪಾಸಣೆಯಾದ ಪ್ರಮಾಣಪತ್ರ, ವಿಮೆ ಇವು ಅದರ ಮುಖ್ಯ ಅಂಶಗಳು. ಕಾಗದವಿಲ್ಲದ ದೋಣಿಯಲ್ಲಿ ಅಪಘಾತವಾದರೆ ವಿಮೆಯ ಹಣ ಬರುವುದಿಲ್ಲ, ಹೊಣೆ ಮಾತ್ರ ದೋಣಿಯ ಒಡೆಯನ ಕೊರಳಿಗೆ ಬರುತ್ತದೆ. ಆದ್ದರಿಂದ ಮುಂಗಡ ಕೊಡುವ ಮುನ್ನವೇ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯವರನ್ನು ಲಿಖಿತವಾಗಿ ಕೇಳಿ, ಈ ದೋಣಿ ಈ ಹೊಳೆಯಲ್ಲಿ ನೋಂದಣಿಯಾದೀತೇ ಎಂದು ತಿಳಿದುಕೊಳ್ಳಬೇಕು. ಹಣ ಕೊಟ್ಟ ಮೇಲೆ ಕೇಳಿದರೆ ಉತ್ತರ ಯಾವುದಾದರೂ ನಷ್ಟ ನಮ್ಮದೇ.

“ಹಾಗಾದರೆ ನಮ್ಮ ಹರಿಗೋಲಿಗೆ ಯಾವ ಕಾಗದವಿತ್ತು? ನಮ್ಮ ಅಜ್ಜಂದಿರು ದಾಟಲಿಲ್ಲವೇ?” ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂಬಿಗರ ಚೌಡಯ್ಯನಂಥ ಶರಣರು ಹುಟ್ಟು ಹಾಕಿದ ತುಂಗಭದ್ರೆಯ ಸೀಮೆ ನಮ್ಮದು; ಹರಿಗೋಲನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಹರಿಗೋಲನ್ನು ಹೆಣೆದವನೇ ನಡೆಸುತ್ತಿದ್ದ. ಯಾವ ಮಡುವಿನಲ್ಲಿ ಸುಳಿಯಿದೆ, ಎಷ್ಟು ನೀರಿಗೆ ಹುಟ್ಟು ಹಾಕಬಾರದು ಎಂಬುದು ಅವನಿಗೆ ತಲೆಮಾರಿನಿಂದ ಬಂದ ವಿದ್ಯೆ. ನೀರು ಕೆಂಪಾಗಿ ಬಂತೆಂದರೆ ಅವನು ದಂಡೆಯಲ್ಲೇ ಕೂರುತ್ತಿದ್ದ. ಎಂಜಿನ್ನು ಕಟ್ಟಿದ ಕೂಡಲೇ ಆ ಅಂಜಿಕೆ ಹೋಗುತ್ತದೆ. ವಿದ್ಯೆ ಮಾತ್ರ ಬರುವುದಿಲ್ಲ. ತುಂಬಿದ ಹೊಳೆಯಲ್ಲಿ ತೇಲಿಬರುವ ಮರದ ಬೊಡ್ಡೆಯೊಂದು ಫ್ಯಾನಿಗೆ ಬಡಿದರೆ, ಇಲ್ಲವೆ ಜಲಕಳೆ ಸುತ್ತಿಕೊಂಡರೆ, ಇಪ್ಪತ್ತೈದು ಅಶ್ವಶಕ್ತಿಯೂ ಒಂದೇ, ಸೊನ್ನೆಯೂ ಒಂದೇ. ಆ ದೋಣಿಯಲ್ಲಿ ಒಂದು ಜೊತೆ ಹುಟ್ಟು ಕೂಡ ಇರಲಿಲ್ಲ ಎಂಬುದನ್ನು ನಾವು ಗಮನಿಸಿದೆವು.

ಹಣದ ಲೆಕ್ಕವನ್ನೂ ಸ್ವಲ್ಪ ನೋಡೋಣ. ನಮ್ಮ ಹೊಳೆಗಳಲ್ಲಿ ಎಂಜಿನ್ನು ಓಡುವಷ್ಟು ನೀರಿರುವುದು ಹೆಚ್ಚೆಂದರೆ ನಾಲ್ಕು ತಿಂಗಳು. ಅದರಲ್ಲಿ ಪ್ರವಾಹದ ದಿನಗಳನ್ನು ಕಳೆಯಿರಿ. ಆಗ ಯಾವ ದೋಣಿಯನ್ನೂ ಇಳಿಸುವಂತಿಲ್ಲ, ಅದು ಅಗ್ನಿಶಾಮಕದವರ, ವಿಪತ್ತು ಪಡೆಯವರ ಕೆಲಸ. ಉಳಿದ ಎಂಟು ತಿಂಗಳು ಎಂಜಿನ್ನು ಗೋದಾಮಿನಲ್ಲಿ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗುತ್ತದೆ, ರಬ್ಬರಿನ ಚಕ್ರ ಗಟ್ಟಿಯಾಗುತ್ತದೆ. ಪ್ರತಿ ಮುಂಗಾರಿಗೆ ಮೆಕ್ಯಾನಿಕ್ಕನ್ನು ಕರಾವಳಿಯಿಂದ ಕರೆಸಬೇಕು. ಸವಣೂರಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಟ್ರ್ಯಾಕ್ಟರು ಬಿಚ್ಚುವವರು ಬೇಕಾದಷ್ಟಿದ್ದಾರೆ, ಔಟ್‌ಬೋರ್ಡು ಬಿಚ್ಚುವವರಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇಷ್ಟೆಲ್ಲ ಹೇಳಿ ಅರ್ಜಿದಾರರನ್ನು ಬರಿಗೈಯಲ್ಲಿ ಕಳಿಸುವುದು ಸಹಕಾರ ಧರ್ಮವಲ್ಲ. ಆದ್ದರಿಂದ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ನಾವು ಇಡಲಿರುವ ಅಭಿಪ್ರಾಯ ಹೀಗಿದೆ. ದೋಣಿಗೆ ಸಾಲ ಕೊಡಬಹುದು; ಆದರೆ ಒಬ್ಬರ ಹೆಸರಿಗಲ್ಲ, ದಂಡೆಯ ಸದಸ್ಯರ ಗುಂಪಿಗೆ. ಮಾರ್ಪಡಿಸಿದ ದೋಣಿಗೆ, ಅದನ್ನು ತಜ್ಞರು ಪರೀಕ್ಷಿಸಿ ಬರೆದುಕೊಡುವವರೆಗೆ, ಒಂದು ರೂಪಾಯಿಯೂ ಬೇಡ. ಗಟ್ಟಿಮುಟ್ಟಾದ ಹಳೆಯ ಸಾದಾ ದೋಣಿ, ಅದಕ್ಕೆ ತಕ್ಕ ಸಣ್ಣ ಹೊಸ ಎಂಜಿನ್ನು, ಇದು ಮೊದಲಿಗೆ ದುಬಾರಿ ಕಂಡರೂ ಕೊನೆಗೆ ಅಗ್ಗ. ಕೂರುವ ಜನರಷ್ಟೇ ಲೈಫ್ ಜಾಕೆಟ್ಟುಗಳು ಮತ್ತು ಎರಡು ಹುಟ್ಟುಗಳ ಬೆಲೆ ಸಾಲದ ಮೊತ್ತದಲ್ಲಿಯೇ ಸೇರಿರಬೇಕು. ಆಮೇಲೆ ತರುತ್ತೇವೆ ಎಂಬ ಮಾತು ನಡೆಯದು. ದಂಡೆಯಲ್ಲಿ ಒಂದು ಕಲ್ಲು ನೆಟ್ಟು ಕೆಂಪು ಗೆರೆ ಬರೆಯಬೇಕು. ನೀರು ಆ ಗೆರೆ ಮುಟ್ಟಿದ ದಿನ ಎಷ್ಟೇ ತುರ್ತು ಇದ್ದರೂ ದೋಣಿ ಬಿಡಕೂಡದು. ಒಂದು ಸಿಂಪರಣೆ ತಪ್ಪಿದರೆ ಒಂದು ವರ್ಷದ ಬೆಳೆ ಹೋದೀತು. ಬೆಳೆ ಮತ್ತೆ ಬರುತ್ತದೆ.

ಅರ್ಜಿ ಹಾಕಿದ ಐವರೂ ಆ ನೀಲಿ ದೋಣಿಯನ್ನು ಬಿಟ್ಟು ಬಂದರು. ಮರಳುವ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಹಿರಿಯರು ಮಾತ್ರ ಹಾನಗಲ್ಲ ಸಮೀಪಿಸಿದಾಗ, “ಆ ಮೂಲೆ ತಟ್ಟದಿದ್ದರ ನಾ ಮುಂಗಡ ಕೊಟ್ಟಬಿಡ್ತಿದ್ದೆ” ಎಂದರು. ಆ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ.

ಕಡೆಯದಾಗಿ ಒಂದು ಮಾತು. ದೋಣಿಯು ಸೇತುವೆಯಿಲ್ಲದ ಊರಿನ ತಾತ್ಕಾಲಿಕ ಉಪಾಯವಷ್ಟೇ. ಲಿಂಗನಮಕ್ಕಿ ಹಿನ್ನೀರಿನ ತುಮರಿ ಭಾಗದ ಅಡಿಕೆ ಬೆಳೆಗಾರರು ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದರು. ಕೇಳುವುದನ್ನು ಮಾತ್ರ ಬಿಡಲಿಲ್ಲ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಅವರಿಗಾಗಿ ತೆರೆಯಿತು. ನಮ್ಮದು ಅಷ್ಟು ದೊಡ್ಡ ನೀರಲ್ಲ, ಅಷ್ಟು ದೊಡ್ಡ ಸೇತುವೆಯೂ ಬೇಕಿಲ್ಲ. ಮಳೆಗಾಲದಲ್ಲಿ ಬೆನ್ನ ಮೇಲೆ ಪಂಪು ಹೊತ್ತವನೊಬ್ಬ ಒಣಗಾಲಿನಲ್ಲಿ ದಾಟುವಂಥ ಎತ್ತರದ ಕಾಲುಸೇತುವೆ ಸಾಕು. ಅದರ ಮನವಿಗೆ ನಾಲ್ಕೂ ತಾಲೂಕಿನ ಸದಸ್ಯರ ರುಜು ಬೇಕು. ಮನವಿ ಪತ್ರವನ್ನು ಸಂಘದ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಗೊಬ್ಬರಕ್ಕೋ ಸುಣ್ಣ ಮೈಲುತುತ್ತಕ್ಕೋ ಬಂದಾಗ ದಯವಿಟ್ಟು ರುಜು ಹಾಕಿ ಹೋಗಿರಿ.